ಬಸವಣ್ಣನ ಕಿವಿ ಹಿಂದೆ

ಹೋದ ಸೋಮವಾರ ನಮ್ಮ ಬೀದಿಯ ಹೆಂಗಸರೆಲ್ಲ ಮನೆಗೆಲಸ ಬಿಟ್ಟು ಗುಡಿ ಮುಂದೆ ನಿಂತು, ಊರ ಬಸವನಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ತಿನ್ನಿಸಿದೆವು. ಶೇಂಗಾ ಹೊಟ್ಟು, ಹಸಿ ಜೋಳದ ಮೇವು, ರೊಟ್ಟಿ, ನಡುನಡುವೆ ಬಾಳೆಹಣ್ಣು. ಒಬ್ಬರ ಕೈ ಖಾಲಿಯಾಗುವುದರೊಳಗೆ ಇನ್ನೊಬ್ಬರ ಕೈ ಮುಂದೆ.

ದಾರಿಯಲ್ಲಿ ಹೋಗುವವರು ನಿಂತು ಕೈ ಮುಗಿದರು. ಸಿರಿಗೆರೆ ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ಫೋಟೊ ತೆಗೆದರು. ಎಂಥಾ ಭಕ್ತಿ ಅಂದುಕೊಂಡಿರಬೇಕು.

ಭಕ್ತಿಯೂ ಅಲ್ಲ, ಹಬ್ಬವೂ ಅಲ್ಲ. ಅವನು ತನ್ನ ಮೈ ತಾನು ನೆಕ್ಕಿಕೊಳ್ಳಬಾರದು, ಅಷ್ಟೇ.

ಮೊದಲಿಂದ ಹೇಳುತ್ತೇನೆ.

ಪ್ರತಿ ವಾರ ಈ ಅಂಕಣ ಓದುವವರಿಗೆ ನನ್ನ ಸೊಸೆ ಪುಷ್ಪಾ ಗೊತ್ತು. ಗೊತ್ತಿಲ್ಲದವರಿಗೆ ಎರಡು ಮಾತು. ಮಗ ಚಿತ್ರದುರ್ಗದಲ್ಲಿ ಆಟೊ ಓಡಿಸುತ್ತಾನೆ, ಸಂಜೆಗೆ ಮನೆ ಸೇರುತ್ತಾನೆ. ಮನೆ ನಡೆಸುವವಳು ಪುಷ್ಪಾ. ಪುಷ್ಪಾಳನ್ನು ನಡೆಸುವುದು ಅವಳ ಹಸು ರಾಣಿ. ಹೊಸದುರ್ಗದ ತವರಿನಿಂದ ಎಳೆ ಕರುವಾಗಿ ಬಂದಿದ್ದು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಕಪ್ಪು ಬಿಳುಪಿನ ಸೀಮೆ ಹಸು. ನನ್ನನ್ನು ಕಂಡರೆ ಗುದ್ದಲು ಬರುತ್ತದೆ. (ನನಗೂ ಅದನ್ನು ಕಂಡರೆ ಅಷ್ಟಕ್ಕಷ್ಟೇ.) ಈಗ ಚೊಚ್ಚಲ ಗಬ್ಬ, ತುಂಬಿದ ಹೊಟ್ಟೆ. ಕರು ಹಾಕುವ ದಿನ ಕಾಯುತ್ತ ಪುಷ್ಪಾ ಗಿಣ್ಣಿಗೆ ಬೆಲ್ಲ, ಏಲಕ್ಕಿ ತಂದು ಡಬ್ಬದಲ್ಲಿ ಮುಚ್ಚಿಟ್ಟಿದ್ದಳು.

ಒಂದು ಬೆಳಿಗ್ಗೆ ರಾಣಿ ಮೇಲೇಳಲಿಲ್ಲ.

ಮೇವು ಮುಟ್ಟಲಿಲ್ಲ. ಮೆಲುಕು ಹಾಕಲಿಲ್ಲ. ಮೈ ಕಾದ ಹೆಂಚಿನ ಹಾಗೆ. ಉಚ್ಚೆ ನೋಡಿದರೆ ಕಾಫಿ ಡಿಕಾಕ್ಷನ್. ನಾನು ಹತ್ತಿರ ಹೋದರೂ ಗುದ್ದಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಇದು ಸುಮ್ಮನೆ ಹೋಗುವ ಜ್ವರವಲ್ಲ ಅಂತ. ಹೋದ ತಿಂಗಳು ಪಕ್ಕದ ಮನೆ ಕಮಲಮ್ಮನ ಹಸುವೂ ಹೀಗೇ ಮಲಗಿತ್ತು. ಅದು ಏಳಲೇ ಇಲ್ಲ.

ಪುಷ್ಪಾ ಅಳಲಿಲ್ಲ. ಕೊಟ್ಟಿಗೆ ಬಾಗಿಲಿಗೆ ಒರಗಿ ಕುಳಿತಳು. "ಅತ್ತೆ, ಡಾಕ್ಟ್ರಿಗೆ ಫೋನ್ ಮಾಡಿದೀನಿ" ಅಂದಳು, ಅಷ್ಟೇ.

ಡಾಕ್ಟರು ಬರುವುದರೊಳಗೆ ಕಮಲಮ್ಮ ಬಂದಳು. ಬಂದವಳು ಹಸುವಿನ ಮೈ ತಡವಿ, ಕಿವಿ ಎತ್ತಿ, ಕೆಚ್ಚಲ ಸಂದಿ ನೋಡಿ, "ನೋಡಕ್ಕ, ಉಣ್ಣಿ" ಅಂದಳು. ಹೌದು, ಉಣ್ಣಿ. ರಕ್ತ ಕುಡಿಯುವ ಹುಳ. ದನ ಸಾಕಿದವರಿಗೆ ಹೊಸದೇನಲ್ಲ, ಕಂಡರೆ ಕಿತ್ತು ಬೆಂಕಿಗೆ ಹಾಕುತ್ತೇವೆ. ಆದರೆ ಇಷ್ಟೊಂದು ಎಲ್ಲಿಂದ ಬಂತು?

"ಎಲ್ಲಿಂದ ಅಂದ್ರೇನಕ್ಕ, ಆ ಹಿರಿಯೂರು ಕಡೆ ಕುರಿಯಿಂದ" ಅಂದಳು ಕಮಲಮ್ಮ. "ನಮ್ಮ ಹಸೂನೂ ಅದ್ರಿಂದ್ಲೇ ಹೋಗಿದ್ದು."

ಹಿರಿಯೂರು ಕಡೆಯ ಈರಣ್ಣ ವರ್ಷವೂ ಬಿತ್ತನೆಗೆ ಮುಂಚೆ ಮಂದೆ ತಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಾನೆ. ಹೊಲಕ್ಕೆ ಗೊಬ್ಬರ, ಅವನಿಗೆ ಕಾಳು. ಈ ಸಲ ಹಸು ಕಳೆದುಕೊಂಡ ಕಮಲಮ್ಮನ ಮಾತು ಕೇಳಿ ಅವನನ್ನು ಊರ ಹೊರಗಿಂದಲೇ ವಾಪಸ್ ಕಳಿಸಿದ್ದೆವು. ಬೈದು ಕಳಿಸಿದ್ದೆವು ಅಂದರೆ ಸರಿ. ಅವನು ಹೊಲಕ್ಕೆ ಕಾಲಿಡದೆಯೇ ಹೋದವನು. ಆದರೂ ಉಣ್ಣಿ ಬಂತು.

"ಹಂಗಾದ್ರೆ ನಾಯಿ" ಅಂದಳು ಕಮಲಮ್ಮ. ನಮ್ಮ ಬೀದಿ ನಾಯಿ ಆಗಲೇ ಅಪರಾಧಿಯ ಮುಖ ಮಾಡಿಕೊಂಡು ದೂರ ಹೋಯಿತು. ಅದೂ ಸಾಲಲಿಲ್ಲ ಅಂತ, "ಇಲ್ಲಾಂದ್ರೆ ಜೋಗಿಮಟ್ಟಿ ಕಾಡಿಂದ ಇಳ್ದು ಬಂದಿರೋ ಕೋತಿ. ಟಿವಿಯಾಗೆ ತೋರಿಸಿದ್ರು, ಕೋತಿ ಸತ್ರೆ ಉಣ್ಣಿ ಬಂದು ಮನುಷ್ಯರಿಗೆ ಹತ್ತುತ್ತಂತೆ."

ಕುರಿ, ನಾಯಿ, ಕೋತಿ. ಒಟ್ಟಿನಲ್ಲಿ ಹೊರಗಿನವರು ಯಾರಾದರೂ ಆಗಬೇಕು. ನೀವೇ ಹೇಳಿ, ಮನೆಗೆ ಕಾಯಿಲೆ ಬಂದಾಗ ನಾವು ಯಾವತ್ತಾದರೂ ಮನೆಯವರ ಮುಖ ನೋಡಿದ್ದೇವಾ?

ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ಹೊಸದುರ್ಗದ ಕಡೆಯವಳೇ, ಸ್ಕೂಟರು. ಬಂದವಳೇ ಸೀದಾ ಕೊಟ್ಟಿಗೆಗೆ ಹೋಗಿ ಜ್ವರ ನೋಡಿ, ಕಣ್ಣು ಬಿಡಿಸಿ ನೋಡಿ, ಕಿವಿ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿದಳು. ಸೂಜಿಮದ್ದು ಕೊಟ್ಟಳು, ಇನ್ನೊಂದು ಕೊಟ್ಟಳು. ಪುಷ್ಪಾ ಕೇಳಿದ್ದು ಒಂದೇ.

"ಉಳೀತೈತಾ ಮೇಡಂ?"

"ಬೇಗ ಕರ್ದಿದೀರಿ, ಅದೇ ಪುಣ್ಯ. ಔಷಧಿ ಹಿಡೀಬೇಕು. ಮೆಲುಕು ಹಾಕಿತು ಅಂದ್ರೆ ಗೆದ್ದಂಗೆ. ಆದ್ರೆ ಉಣ್ಣಿ ಎಲ್ಲಿಂದ ಬಂತೋ ಅದು ಗೊತ್ತಾಗ್ಲಿಲ್ಲ ಅಂದ್ರೆ ಇವತ್ತು ಉಳಿಸಿದ್ದು ನಾಳೆ ಮತ್ತೆ ಮಲಗುತ್ತೆ. ಹೊಟ್ಟೆಯಾಗಿರೋ ಕರುಗೂ ಕಷ್ಟ."

ಕಮಲಮ್ಮ ಕೋತಿ ಕಥೆ ಶುರು ಮಾಡಿದಳು. ಡಾಕ್ಟರಮ್ಮ ತಲೆ ಅಲ್ಲಾಡಿಸಿದಳು. "ಅದು ಮಲೆನಾಡಿನ ಕಾಡಿಂದು ಕಣಮ್ಮ. ಆ ಉಣ್ಣಿ ಬೇರೆ, ಆ ಕಾಯಿಲೆ ಬೇರೆ. ಇದು ದನದಿಂದ ದನಕ್ಕೆ ಬರೋದು. ಅಜ್ಜಿ, ಹೊರಗಿನ ದನ ಏನಾದ್ರೂ ನಿಮ್ಮ ಕೊಟ್ಟಿಗೆಗೆ ಬಂದಿತ್ತಾ?"

"ಇಲ್ಲಮ್ಮ."

"ಸಂತೆಯಿಂದ ತಂದಿದ್ದು? ನೆಂಟ್ರದ್ದು?"

"ಇಲ್ಲ ಅಂದ್ನಲ್ಲ."

ಪುಷ್ಪಾಳನ್ನು ಕೇಳಿದಳು. ಇಲ್ಲ. ಕಮಲಮ್ಮನನ್ನು ಕೇಳಿದಳು. ನಿಮ್ಮ ಕೊಟ್ಟಿಗೆಗೆ? ಇಲ್ಲವೇ ಇಲ್ಲ. ನಮ್ಮಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಬೇಕಾದರೆ ಗುಡಿ ಮುಂದೆ ನಿಂತು ಹೇಳುತ್ತಿದ್ದೆವು.

ಆಗ ಅಂಗಳದಲ್ಲಿ ಗಂಟೆ ಸದ್ದಾಯಿತು. ಬಸವಣ್ಣ ಬಂದ.

ಬಸವಣ್ಣ ಅಂದರೆ ದೇವರಿಗೆ ಬಿಟ್ಟ ಹೋರಿ. ಬಿಳಿ ಮೈ, ಗುಡ್ಡದಂಥ ಭುಜ, ಕೊರಳಲ್ಲಿ ಗಂಟೆ, ಹಣೆಯಲ್ಲಿ ವಿಭೂತಿ. ಯಾರ ಮನೆಗೂ ಸೇರಿದವನಲ್ಲ, ಎಲ್ಲರ ಮನೆಗೂ ಬರುವವನು. ದಿನಾ ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ರೊಟ್ಟಿ ತಿಂದು ಹೋಗುತ್ತಾನೆ. ಕೊಡುವುದು ತಡವಾದರೆ ತಲೆ ಒಳಗೆ ಹಾಕಿ ಅಡುಗೆ ಮನೆ ನೋಡುತ್ತಾನೆ. ಪುಷ್ಪಾ ಅಭ್ಯಾಸ ಬಲದಿಂದ ಎದ್ದು ಅವನ ಕಾಲು ಮುಟ್ಟಿ ರೊಟ್ಟಿ ತರಲು ಒಳಗೆ ಹೋದಳು.

ಡಾಕ್ಟರಮ್ಮ ಅವನನ್ನೇ ನೋಡುತ್ತ ಕೇಳಿದಳು. "ಇದ್ಯಾರದ್ದಜ್ಜಿ?"

"ಯಾರದ್ದೂ ಅಲ್ಲಮ್ಮ. ಬಸವಣ್ಣ."

"ಇಲ್ಲಿಗೆ ದಿನಾ ಬರ್ತಾನಾ?"

"ದಿನಾ ಬರ್ತಾನೆ. ಸೋಮವಾರ ರಾತ್ರಿ ಪಾಳಿ ಪ್ರಕಾರ ಒಂದೊಂದು ಮನೆ ಕೊಟ್ಟಿಗೆಯಾಗೆ ಮಲಗ್ತಾನೆ. ಅವನು ಮಲಗಿದ ಕೊಟ್ಟಿಗೆಗೆ ಒಳ್ಳೇದು. ಯುಗಾದಿ ಆಸುಪಾಸಿನಾಗೆ ನಮ್ಮನೆ ಪಾಳಿ ಇತ್ತು. ಅದಕ್ಕೂ ಮುಂಚೆ ಇವಳ್ದು, ಕಮಲಮ್ಮಂದು."

"ಮತ್ತೆ ಹೊರಗಿನ ದನ ಬಂದಿಲ್ಲ ಅಂದ್ರಲ್ಲ?"

"ಬಂದಿಲ್ಲ. ಬಸವಣ್ಣ ದನ ಅಲ್ಲವಲ್ಲಮ್ಮ."

ಹೇಳಿ ಮುಗಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಕಮಲಮ್ಮನಿಗೂ ಕೇಳಿಸಿರಬೇಕು, ಸೆರಗು ಬಾಯಿಗೆ ಹಿಡಿದಳು.

ಡಾಕ್ಟರಮ್ಮ ನಗಲಿಲ್ಲ. ಹತ್ತಿರ ಹೋದಳು. ಅವನ ಕಿವಿ ಮಡಚಿದಳು. ಬಾಲ ಎತ್ತಿದಳು. ನಾನೂ ಬಗ್ಗಿ ನೋಡಿದೆ. ಏನು ಹೇಳಲಿ, ಹರಳು ಕಾಳನ್ನು ಅಂಟಿಸಿದ ಹಾಗೆ ಸಾಲು ಸಾಲು. ಇಷ್ಟು ವರ್ಷ ಆ ಹಣೆಗೆ ಕೈ ಮುಗಿದಿದ್ದೇನೆ, ಆ ಕಾಲು ಮುಟ್ಟಿದ್ದೇನೆ. ಹಣೆಗೂ ಕಾಲಿಗೂ ನಡುವೆ ಏನಿದೆ ಅಂತ ನೋಡಿರಲಿಲ್ಲ.

"ಇಷ್ಟು ಕಚ್ಚಿಸ್ಕಂಡು ಇವನಿಗ್ಯಾಕಮ್ಮ ಏನೂ ಆಗಿಲ್ಲ?" ಅಂದೆ.

"ನಾಟಿ ಹೋರಿ ಅಜ್ಜಿ. ಕರು ಇದ್ದಾಗ್ಲೇ ಉಣ್ಣಿ ಕಚ್ಚಿ, ಜ್ವರ ಬಂದು, ತಡ್ಕಂಡು ಗಟ್ಟಿಯಾಗಿರ್ತಾನೆ. ಆದ್ರೆ ರೋಗ ರಕ್ತದಾಗೆ ಸುಮ್ನೆ ಕುಂತಿರುತ್ತೆ. ಇವನಿಗೆ ಏನೂ ಮಾಡಲ್ಲ. ಉಣ್ಣಿ ಅದನ್ನ ರಕ್ತದ ಜತೆ ಹೀರಿ, ಹೊಟ್ಟೆ ತುಂಬಿದ ಮೇಲೆ ಉದುರುತ್ತೆ. ಎಲ್ಲಿ ಮಲಗಿರ್ತಾನೋ ಅಲ್ಲಿ. ಗೋಡೆ ಸಂದಿಗೆ ಹೋಗಿ ರಾಶಿ ಮೊಟ್ಟೆ ಇಡುತ್ತೆ. ಮರಿ ಹುಟ್ಟೋವಾಗ್ಲೇ ರೋಗ ಹೊತ್ಕಂಡು ಹುಟ್ತಾವೆ. ಸಾಸಿವೆಗಿಂತ ಚಿಕ್ಕವು, ಕಣ್ಣಿಗೆ ಬೀಳಲ್ಲ. ಪಕ್ಕದಾಗೆ ಕಟ್ಟಿರೋ ಹಸು ಮೈಮೇಲೆ ಹತ್ತುತಾವೆ. ಸೀಮೆ ಹಸು ಮೈಗೆ ಇದ್ರ ರೂಢಿ ಇಲ್ಲ. ಅದು ಮಲಗುತ್ತೆ."

ಅಂದರೆ ಬಸವಣ್ಣ ಒಂದು ರಾತ್ರಿ ಮಲಗಿ ಎದ್ದು ಹೋದ. ಅವನ ಜತೆ ಬಂದವರು ಹೋಗಲಿಲ್ಲ. ನಮ್ಮ ಗೋಡೆ ಸಂದಿಯಲ್ಲಿ ಸಂಸಾರ ಹೂಡಿದರು.

ನಮ್ಮ ಯಜಮಾನರ ತಮ್ಮನ ನೆನಪಾಯಿತು. ಕಲ್ಲಿನಂಥ ಆಳು. ಕೆಮ್ಮಿಕೊಂಡೇ ಬಂದು ಮನೆಯ ಕೂಸುಗಳನ್ನೆಲ್ಲ ಎತ್ತಿ ಮುದ್ದಾಡುತ್ತಿದ್ದ. ಬೇಡ ಅಂದರೆ, "ನಂಗೇನಾಗೈತೆ ಅತ್ತಿಗೆ, ನೋಡು ಹೆಂಗಿದೀನಿ" ಅನ್ನುತ್ತಿದ್ದ. ಅವನಿಗೆ ಏನೂ ಆಗುತ್ತಿರಲಿಲ್ಲ, ನಿಜ. ಅವನು ಹೋದ ಮೇಲೆ ಕೂಸುಗಳು ವಾರಗಟ್ಟಲೆ ಗೊರಗೊರ. ನಾವು ಬೈಯುತ್ತಿದ್ದುದು ಯಾರನ್ನು? ಐಸ್‌ಕ್ಯಾಂಡಿ ಮಾರುವವನನ್ನು.

ಸರಿ, ಈಗ ಬಸವಣ್ಣನಿಗೆ ಔಷಧಿ ಹೊಡೆಯಬೇಕು. ಎಲ್ಲ ದನಕ್ಕೂ, ಎಲ್ಲ ಕೊಟ್ಟಿಗೆಗೂ ಹೊಡೆದು ಇವನೊಬ್ಬನನ್ನು ಬಿಟ್ಟರೆ ಎಲ್ಲ ವ್ಯರ್ಥ ಅಂದಳು ಡಾಕ್ಟರಮ್ಮ. ಬಾಟಲಿ ಕೊಟ್ಟಳು, ಅಳತೆ ಹೇಳಿದಳು, ಕೈಗವಸು ಕೊಟ್ಟಳು. ಕನ್ನಡಕವಿಲ್ಲದೆ ನನಗೆ ದಪ್ಪ ಅಕ್ಷರ ಬಿಟ್ಟರೆ ಬೇರೆ ಕಾಣದು, ಆ ಬಾಟಲಿಯ ಮೇಲೆ ದಪ್ಪಗೆ ಇದ್ದಿದ್ದು ವಿಷ ಅನ್ನುವುದೊಂದೇ. "ಒಣಗೋವರೆಗೂ ನೆಕ್ಕಂಗಿಲ್ಲ. ಬಾಯಿಗೆ ಕುಕ್ಕೆ ಕಟ್ರಿ" ಅಂದಳು. ಒಕ್ಕಣೆಯಲ್ಲಿ ಎತ್ತು ಕಾಳು ತಿನ್ನದ ಹಾಗೆ ಬಾಯಿಗೆ ಕಟ್ಟುತ್ತಾರಲ್ಲ, ಹಗ್ಗದ ಬುಟ್ಟಿ, ಅದು.

ಗುಡಿ ಕಟ್ಟೆಯಲ್ಲಿ ರುದ್ರಯ್ಯನವರು ಕುಳಿತಿದ್ದರು. ಬಸವಣ್ಣನ ಪೂಜೆ, ಆರೈಕೆ ಎಲ್ಲ ಅವರದೇ. ದಿನಾ ಹಣೆಗೆ ವಿಭೂತಿ ಹಚ್ಚುವವರು. ನಾನೂ ಪುಷ್ಪಾನೂ ಕಮಲಮ್ಮನೂ ಹೋದೆವು, ನಾನು ವಿಷಯ ಹೇಳಿದೆ.

"ದೇವ್ರ ಮೈಗೆ ವಿಷ ಹೊಡೀಬೇಕಾ ಗೌರಮ್ಮ?" ಅಂದರು.

"ದೇವ್ರ ಮೈಮೇಲೆ ಉಣ್ಣಿ ಇರಬಹುದು, ಔಷಧಿ ಇರಬಾರ್ದಾ ಅಯ್ನೋರೇ? ಬಾಲ ಎತ್ತಿ ನೋಡಿದೀರಾ ಯಾವಾಗಾದ್ರೂ?"

"ಹಣೆಗೆ ವಿಭೂತಿ ಹಚ್ತೀನಿ ಕಣಮ್ಮ. ಬಾಲ ಎತ್ತಿ ನೋಡೋ ಪದ್ಧತಿ ನಮ್ಮ ಅಪ್ಪನ ಕಾಲದಿಂದ್ಲೂ ಇಲ್ಲ."

"ಇವತ್ತಿಂದ ಮಾಡ್ರಿ."

ಎದ್ದು ಹೋಗಿ ನೋಡಿದರು. ಬಹಳ ಹೊತ್ತು ನೋಡಿದರು. ತಿರುಗಿ ಬಂದಾಗ ಅವರ ಮುಖ ಸಣ್ಣಗಾಗಿತ್ತು. "ಎಷ್ಟು ಕಡಿಯುತ್ತಿತ್ತೋ ಪಾಪ, ಬಾಯಿ ಬಿಟ್ಟು ಹೇಳಕ್ಕಾಗುತ್ತಾ" ಅಂದರು. ಔಷಧಿಗೆ ಒಪ್ಪಿದರು. ತಾವೇ ಹೊಡೆಯುತ್ತೇನೆ ಅಂದರು.

ಆದರೆ ಕುಕ್ಕೆಗೆ ಒಪ್ಪಲಿಲ್ಲ.

"ಬಾಯಿ ಕಟ್ಟಂಗಿಲ್ಲ. ಇವನ್ನ ದೇವ್ರಿಗೆ ಬಿಡೋವಾಗ ಊರು ಮಾತು ಕೊಟ್ಟೈತೆ. ಯಾರ ಹೊಲದಾಗೆ ಬಾಯಿ ಹಾಕಿದ್ರೂ, ಯಾರ ಬಾಗಿಲಿಗೆ ಬಂದ್ರೂ ಅಡ್ಡಿ ಮಾಡಲ್ಲ ಅಂತ. ಬೇಕಾದ್ರೆ ನನ್ನ ತಲೆ ಮೇಲೆ ಹೊಡೀರಿ. ಬಾಯಿಗೆ ಹಗ್ಗ ಮಾತ್ರ ಇಲ್ಲ."

ನಾನು ಬೈದೆ. ಕಮಲಮ್ಮ ಬೈದಳು. ಅವರು ಜಗ್ಗಲಿಲ್ಲ. ಅವರದು ತಪ್ಪು ಅಂತ ನಾನು ಹೇಳಲಾರೆ. ಕೊಟ್ಟ ಮಾತು ಅಂದರೆ ಮಾತೇ. ಆದರೆ ಅತ್ತ ಕೊಟ್ಟಿಗೆಯಲ್ಲಿ ರಾಣಿ ಕಣ್ಣು ಮುಚ್ಚಿ ಮಲಗಿದೆ. ಔಷಧಿ ಹೊಡೆಯದೆ ಬಸವಣ್ಣನನ್ನು ಬೀದಿಗೆ ಬಿಟ್ಟರೆ ಬದುಕಿದ ಹಸುವೂ ಬದುಕುವುದಿಲ್ಲ. ಹೊಡೆದು ಹಾಗೇ ಬಿಟ್ಟರೆ ಅವನೇ ನೆಕ್ಕಿ ಮಲಗುತ್ತಾನೆ. ಏನು ಮಾಡುವುದು?

ಆಗ ಪುಷ್ಪಾ ಬಾಯಿ ತೆರೆದಳು.

"ಬಾಯಿ ಕಟ್ಟೋದು ಬ್ಯಾಡ ಬಿಡ್ರಿ. ಬಾಯಿ ತುಂಬಿಸಾಣ."

ಹಾಗಾಗಿ ಸೋಮವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಗುಡಿ ಮುಂದೆ. ಅನ್ನ, ಬೆಲ್ಲ ರಾಶಿ ಹಾಕಿ ಹೊಟ್ಟೆ ಉಬ್ಬರ ಬರಿಸಬೇಡಿ, ಮೇವು ಜಾಸ್ತಿ ಇರಲಿ ಅಂತ ಡಾಕ್ಟರಮ್ಮ ಫೋನಿನಲ್ಲಿ ಎಚ್ಚರಿಸಿದ್ದಳು. ರುದ್ರಯ್ಯನವರು ಮೂಗಿಗೆ ಹೆಗಲ ಮೇಲಿನ ವಲ್ಲಿ ಕಟ್ಟಿ, ನೇರಳೆ ಬಣ್ಣದ ಕೈಗವಸು ಹಾಕಿ, ತೋಟಕ್ಕೆ ಹೊಡೆಯುವ ಹೊಸ ಸ್ಪ್ರೇ ಕ್ಯಾನ್ ಬೆನ್ನಿಗೆ ಏರಿಸಿದರು. ಬಾಯಲ್ಲಿ ಶಿವನಾಮ, ಕೈಯಲ್ಲಿ ಪಿಚಕಾರಿ. ಕಿವಿ ಹಿಂದೆ, ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆ, ತೊಡೆ ಸಂದಿ, ಕೊನೆಗೆ ಬಾಲದ ಬುಡ. ಅಪ್ಪನ ಕಾಲದಿಂದ ಇಲ್ಲದ ಪದ್ಧತಿ ಅಲ್ಲಿಗೆ ಶುರುವಾಯಿತು.

ಬಸವಣ್ಣ ಏನು ಮಾಡಿದ ಅಂತೀರಿ? ಕಣ್ಣು ಅರ್ಧ ಮುಚ್ಚಿ ನಿಂತುಬಿಟ್ಟ. ಒಂದು ಕಡೆ ಮೈ ಕೆರೆಯುವ ಸುಖ, ಇನ್ನೊಂದು ಕಡೆ ಬಾಯಿಗೆ ಮೇವು. ಯಾವ ಜನ್ಮದ ಪುಣ್ಯವೋ ಅಂದುಕೊಂಡಿರಬೇಕು.

ಆಮೇಲೆ ಒಣಗುವ ಕೆಲಸ. ಎಡಕ್ಕೆ ಕತ್ತು ತಿರುಗಿಸಿದರೆ ಎಡಗಡೆಯವರು ರೊಟ್ಟಿ ಹಿಡಿಯುತ್ತಿದ್ದರು. ಬಲಕ್ಕೆ ತಿರುಗಿಸಿದರೆ ಬಲಗಡೆಯವರು ಮೇವು ಹಿಡಿಯುತ್ತಿದ್ದರು. ಬಿಸಿಲು ಏರಿತು. ಕಾಲು ನೋಯಿತು.

"ನನ್ನ ಗಂಡಂಗೆ ಇಷ್ಟು ನಿಂತು ಬಡಿಸಿಲ್ಲ ಕಣಕ್ಕ" ಅಂದಳು ಕಮಲಮ್ಮ.

"ಅದಕ್ಕೇ ಅವನು ಬೇರೆಯವ್ರ ಮನೆ ಚಾ ಹೊಗಳ್ತಾನೆ" ಅಂದೆ.

"ನೀನು ಕೊಟ್ಟ ಚಾನಾ?"

"ನಾನು ಕೊಟ್ಟಿದ್ದಾದ್ರೆ ಹೊಗಳ್ತಿರ್ಲಿಲ್ಲ."

ಹೀಗೆ ನಗುತ್ತಿರುವಾಗಲೇ ನಮ್ಮ ಮನೆ ಕಡೆಯಿಂದ ಒಂದು ಕೂಗು ಬಂತು. ಅಂಬಾ ಅಂತ. ನೋವಿನ ಕೂಗಲ್ಲ. ಸಿಟ್ಟಿನ ಕೂಗು. ಗುಡಿಯಿಂದ ನಮ್ಮ ಕೊಟ್ಟಿಗೆ ಎರಡು ಮನೆ ಆಚೆ. ಶೇಂಗಾ ಹೊಟ್ಟಿನ ವಾಸನೆ ಅಲ್ಲಿಗೆ ಹೋಗಿತ್ತು. ಅವನಿಗೆ ಮಾತ್ರವಾ, ನನಗಿಲ್ವಾ ಅಂತ ರಾಣಿ ಕೇಳುತ್ತಿತ್ತು.

ಪುಷ್ಪಾ ಓಡಿದಳು, ಕೈಯಲ್ಲಿದ್ದ ಮೇವು ದಾರಿಯಲ್ಲಿ ಎಸೆದಳು. ಅವಳ ಹಿಂದೆ ಕಮಲಮ್ಮ. ಕಮಲಮ್ಮನ ಹಿಂದೆ ಎಲ್ಲರೂ. ನೋಡನೋಡುತ್ತ ಬಸವಣ್ಣನ ಮುಂದೆ ಉಳಿದವಳು ನಾನೊಬ್ಬಳು, ಬರಿಗೈಯಲ್ಲಿ.

ಅವನು ನನ್ನನ್ನು ನೋಡಿದ. ಮೇವಿಲ್ಲ. ನಿಧಾನವಾಗಿ ಕತ್ತು ತಿರುಗಿಸಿದ, ನಾಲಿಗೆ ಹೊರಗೆ ಬಂತು, ಒದ್ದೆ ಭುಜದ ಹತ್ತಿರಕ್ಕೆ. ಏನಿದೆ ನನ್ನ ಹತ್ತಿರ? ಸೊಂಟದಲ್ಲಿ ಎಲೆ ಅಡಿಕೆ ಚೀಲ. ಅದರಲ್ಲಿ ಬೆಳಿಗ್ಗೆ ತಾನೇ ತರಿಸಿದ ವೀಳ್ಯದೆಲೆ ಕಟ್ಟು. ಇಡೀ ಕಟ್ಟು ಕಿತ್ತು ಅವನ ಬಾಯಿಗೆ ತುರುಕಿದೆ. ವಾರದ ಎಲೆ. ಘನವಾಗಿ ಅಗಿದು, ಇನ್ನೇನಿದೆ ಅಂತ ನೋಡಿದ. (ಅಡಿಕೆ ಕೊಡಲಿಲ್ಲ. ಅಷ್ಟೊಂದು ಭಕ್ತಿ ನನಗಿಲ್ಲ.)

ಅಷ್ಟರಲ್ಲಿ ರುದ್ರಯ್ಯನವರು ಪುಷ್ಪಾ ಎಸೆದ ಮೇವು ಬಾಚಿ ತಂದರು. ಹಿಂದೆಯೇ ಪುಷ್ಪಾ ಬಂದಳು. ಏದುಸಿರು ಬಿಡುತ್ತ ಹೇಳಿದಳು.

"ಅತ್ತೆ, ಎದ್ದು ನಿಂತೈತೆ. ಹೊಟ್ಟು ತಿಂತು. ಮೆಲುಕು ಹಾಕ್ತೈತೆ."

ಅಷ್ಟು ದಿನ ಅಳದವಳು ಅಲ್ಲಿ ಗುಡಿ ಮುಂದೆ ಅತ್ತಳು. ನಾನು ಅಳಲಿಲ್ಲ. ಎಲೆ ಖಾಲಿಯಾಗಿದ್ದಕ್ಕೆ ಸ್ವಲ್ಪ ಬೇಜಾರಿತ್ತು, ಅದೂ ಹೋಯಿತು.

ಮರುದಿನ ಕೊಟ್ಟಿಗೆ ಗೋಡೆಯ ಸಂದಿಗೆಲ್ಲ ಮಣ್ಣು ಮೆತ್ತಿ ಸುಣ್ಣ ಹೊಡೆದೆವು. ಸುಣ್ಣ ಒಣಗಿದ ಮೇಲೆ ಕೋಳಿಗಳನ್ನು ಒಳಗೆ ಬಿಟ್ಟೆವು, ಅವು ಹುಳ ಹೆಕ್ಕುವುದರಲ್ಲಿ ನಮಗಿಂತ ಚುರುಕು. ರಾಣಿಗೆ ಮೊನ್ನೆ ನನ್ನನ್ನು ಗುದ್ದುವಷ್ಟು ಶಕ್ತಿ ಬಂದಿದೆ. ಕರು ಹೊಟ್ಟೆಯಲ್ಲಿ ಒದೆಯುತ್ತಿದೆ ಅಂತ ಡಾಕ್ಟರಮ್ಮ ಪುಷ್ಪಾಳ ಕೈ ಇಟ್ಟು ತೋರಿಸಿದಳು. ಬೆಲ್ಲದ ಡಬ್ಬ ಮತ್ತೆ ಮೇಲೆ ಬಂದಿದೆ. ಕಮಲಮ್ಮನ ಕೊಟ್ಟಿಗೆ ಮಾತ್ರ ಖಾಲಿ. ಹುಟ್ಟುವುದು ಹೆಣ್ಣು ಕರುವಾದರೆ ಅವಳಿಗೇ ಕೊಡುವುದು ಅಂತ ಪುಷ್ಪಾ ಹೇಳಿದ್ದಾಳೆ. ಅವಳ ಹಸು, ಅವಳ ಮಾತು. ನಾನು ನಡುವೆ ಬಾಯಿ ಹಾಕಿಲ್ಲ.

ಹಿರಿಯೂರಿನ ಈರಣ್ಣನಿಗೂ ಫೋನ್ ಮಾಡಿಸಿದೆ. ಬಾರಪ್ಪ, ಕುರಿ ನಿಲ್ಲಿಸು ಅಂದೆ.

"ಈಗ ಕರೀತೀಯೇನವ್ವ?" ಅಂದ. "ಬೈದು ಕಳಿಸಿದ್ದಿ. ನಿಮ್ಮೂರ ಬಸವಣ್ಣನ ಸುದ್ದಿ ನಮಗೂ ಬಂದೈತೆ. ಮೊದ್ಲು ಅವನ ಮೈ ಸ್ವಚ್ಛ ಆಗ್ಲಿ. ನನ್ನ ಕುರಿ ಮೈ ನಾನು ತೊಳೆಸ್ತೀನಿ, ನಿಮ್ಮ ಉಣ್ಣಿ ಯಾಕೆ ಹೊರಲಿ?"

ಬಸವಣ್ಣನಿಗೆ ಔಷಧಿ ಹೊಡೆಸಿದ್ದೇವೆ ಅಂತ ಹೇಳಿದೆ. ಮುಂದಿನ ವಾರ ಬರುತ್ತಾನಂತೆ.

ನಿನ್ನೆ ಸೋಮವಾರ ಬಸವಣ್ಣನ ಪಾಳಿ ಸುತ್ತಿ ಮತ್ತೆ ನಮ್ಮ ಮನೆಗೇ ಬಂತು. ಪುಷ್ಪಾ ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅನ್ನಲಿಲ್ಲ. ಅಂಗಳ ಸಾರಿಸಿದಳು, ಅರಿಶಿನ ಕುಂಕುಮ ಹಚ್ಚಿದಳು, ಬಗ್ಗಿ ಕಾಲು ಮುಟ್ಟಿದಳು. ಆಮೇಲೆ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತು, "ಬಸವಣ್ಣ, ಕಿವಿ ತೋರ್ಸಪ್ಪ" ಅಂದಳು. ಎರಡೂ ಕಿವಿ ಮಡಚಿ ನೋಡಿದಳು, ಬಾಲ ಎತ್ತಿ ನೋಡಿದಳು, ರುದ್ರಯ್ಯನವರು ಟಾರ್ಚ್ ಹಿಡಿದಿದ್ದರು. ಎಲ್ಲ ಸ್ವಚ್ಛ. ಬಸವಣ್ಣನಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ಬಾಗಿಲು ದಾಟಿ ಹೋಗಿ ರಾಣಿಯಿಂದ ದೂರದ ಮೂಲೆಯಲ್ಲಿ ಮಲಗಿದ. ಅವನ ದೊಡ್ಡತನವೂ ಹಾಗೇ ಇತ್ತು, ನಮ್ಮ ಭಕ್ತಿಯೂ ಹಾಗೇ ಇತ್ತು.

ಕಾಲು ಮುಟ್ಟುವಷ್ಟು ಹತ್ತಿರ ಹೋದಮೇಲೆ ಕಿವಿ ಹಿಂದೆ ಒಂದು ಸಲ ನೋಡಿದರೆ ಯಾವ ದೇವರು ಮುನಿಯುತ್ತಾನೆ?